ಒಗ್ಗರಣೆ ಹಾಕಿದವರಿಗೆ ಹೆಸರು

"ಕ್ವಾಂಟಂ ಕಂಪ್ಯೂಟರ್ ಟ್ರಾಫಿಕ್ ಸಮಸ್ಯೆ ಬಿಡಿಸಿತು!" ಅನ್ನೋ ಥರದ ಸುದ್ದಿಗಳನ್ನು ನೀವೂ ಓದಿರ್ತೀರಿ. ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ: ನಿಜಕ್ಕೂ ಬಿಡಿಸಿದ್ದು ಯಾರು?

2017ರಲ್ಲಿ ಫೋಕ್ಸ್‌ವ್ಯಾಗನ್ ಸಂಶೋಧಕರು ಮಾಡಿದ ಪ್ರಯೋಗವನ್ನೇ ತಗೊಳ್ಳಿ. ಬೀಜಿಂಗಿನ ಟ್ಯಾಕ್ಸಿಗಳ ಹಳೆಯ ಜಿಪಿಎಸ್ ದಾಖಲೆ ಅವರ ಕೈಲಿತ್ತು. ಊರ ನಡುವಿನಿಂದ ಏರ್‌ಪೋರ್ಟಿಗೆ ಹೊರಟ 418 ಕಾರು, ಒಂದೊಂದಕ್ಕೂ ಮೂರು ದಾರಿ. ಯಾವ ಕಾರು ಯಾವ ದಾರಿ ಹಿಡಿದರೆ ಒಟ್ಟು ದಟ್ಟಣೆ ಕಮ್ಮಿ? ಕೇಳೋಕೆ ಸುಲಭ. ಆದ್ರೆ ಸಾಧ್ಯತೆಗಳನ್ನು ಎಣಿಸಿದರೆ ಸಿಗೋದು 200 ಅಂಕಿಗಳ ಸಂಖ್ಯೆ!

ಆ ಮೂರು ದಾರಿಗಳನ್ನು ಹುಡುಕಿಕೊಟ್ಟಿದ್ದು ಮಾಮೂಲಿ ಕಂಪ್ಯೂಟರ್. ಎಲ್ಲೆಲ್ಲಿ ಎರಡು ಕಾರುಗಳ ದಾರಿ ಒಂದೇ ರಸ್ತೆಗೆ ಬರುತ್ತೆ ಅಂತ ಲೆಕ್ಕ ಹಾಕಿದ್ದೂ ಅದೇ. ಕೊನೆಗೆ ಉಳಿದದ್ದು 1254 ಹೌದು-ಅಲ್ಲ ಪ್ರಶ್ನೆಗಳು. ಅಷ್ಟೂ ಒಟ್ಟಿಗೆ ಡಿ-ವೇವ್ ಕಂಪನಿಯ ಆಗಿನ ಕ್ವಾಂಟಂ ಯಂತ್ರದಲ್ಲಿ ಹಿಡಿಸ್ತಿರಲಿಲ್ಲ. ಅದಕ್ಕೇ ಮಾಮೂಲಿ ಕಂಪ್ಯೂಟರೇ ಅದನ್ನು ತುಂಡು ತುಂಡು ಮಾಡಿ ಕಳಿಸಿ, ಬಂದ ಉತ್ತರಗಳನ್ನು ಮತ್ತೆ ಜೋಡಿಸಿತು.

ಇದೊಂದೇ ಅಲ್ಲ. 2014ರಲ್ಲಿ ಫಾರ್ಹಿ, ಗೋಲ್ಡ್‌ಸ್ಟೋನ್, ಗುಟ್‌ಮನ್ ಮೂವರು ಕೊಟ್ಟ ಕ್ಯೂಎಒಎ ಅನ್ನೋ ವಿಧಾನವನ್ನು ಸಾಮಾನ್ಯವಾಗಿ ನಡೆಸೋದೂ ಹೀಗೇ. ಕ್ವಾಂಟಂ ಯಂತ್ರ ಒಂದಷ್ಟು ಉತ್ತರ ಎಸೆಯುತ್ತೆ. ಅವು ಎಷ್ಟು ಚೆನ್ನಾಗಿವೆ ಅಂತ ಮಾಮೂಲಿ ಕಂಪ್ಯೂಟರ್ ಅಳೆದು, ಯಂತ್ರದ ತಿರುಗಣೆಗಳನ್ನು ಚೂರು ತಿರುಗಿಸುತ್ತೆ. ಮತ್ತೆ ಉತ್ತರ, ಮತ್ತೆ ತಿರುವು... ಹೀಗೇ ಸಾಗುತ್ತೆ.

ಬೇಳೆ ಬೇಯಿಸಿ, ತರಕಾರಿ ಹೆಚ್ಚಿ, ಹುಳಿ ಕುದಿಸಿದ್ದೆಲ್ಲ ಒಬ್ಬರು. ಘಮ್ಮಂತ ಒಗ್ಗರಣೆ ಹಾಕಿದವರಿಗೆ ಹೆಸರು! ಒಗ್ಗರಣೆ ಬೇಡ ಅಂತಲ್ಲ. ಆದ್ರೆ ಇಂಥ ದಿನಬಳಕೆಯ ಲೆಕ್ಕಗಳಲ್ಲಿ ಕ್ವಾಂಟಂ ಸೇರಿಸಿದ್ದರಿಂದಲೇ ಹುಳಿ ರುಚಿಯಾಯ್ತು ಅಂತ ಇನ್ನೂ ಸಾಬೀತಾಗಿಲ್ಲ. ಮಾಮೂಲಿ ಕಂಪ್ಯೂಟರಿನ ಒಳ್ಳೇ ಆಲ್ಗೊರಿದಂಗಳು ಅಷ್ಟು ಸುಲಭಕ್ಕೆ ಸೋಲೋ ಪೈಕಿ ಅಲ್ಲ.

ಇದೆಲ್ಲ ನಮಗ್ಯಾಕೆ ಅಂತೀರಾ? 2023ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6003.65 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರ ಕಂಪ್ಯೂಟಿಂಗ್ ವಿಭಾಗದ ಕೇಂದ್ರ ಇರೋದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ. ಖಂಡಿತ ಖುಷಿ ಪಡೋ ವಿಷಯ. ಆದ್ರೆ ಯಂತ್ರ ಕಟ್ಟೋರಷ್ಟೇ ಸಾಲದು. ಊರಿನ ಗೋಜಲನ್ನು 1254 ಪ್ರಶ್ನೆಗಳಾಗಿ ಬಿಡಿಸಿ ಬರೆಯೋರೂ ಬೇಕು. ಆ ಕೆಲಸಕ್ಕೆ ಕ್ವಾಂಟಂ ಬೇಕಿಲ್ಲ, ಗಟ್ಟಿ ಗಣಿತ ಸಾಕು. ನಾಳೆ ಯಂತ್ರ ಬದಲಾದರೂ ಆ ವಿದ್ಯೆ ಹಳತಾಗಲ್ಲ.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಕಂಡರೆ, ಅಡುಗೆಮನೆಯೊಳಗೂ ಒಮ್ಮೆ ಇಣುಕಿ ನೋಡೋಣ. ಏನಂತೀರಿ?