ಪ್ಯಾಸ್ಕಲನ ನಿಯಮವೂ ಬ್ರೇಕ್ ಪ್ಯಾಡೂ

ಗಾಂಧಿ ಬಜಾರಿನಲ್ಲಿ ಕಾರು ಓಡಿಸುವವರ ಬಲಗಾಲಿಗೆ ಬಿಡುವೆಂಬುದಿಲ್ಲ. ತಳ್ಳುಗಾಡಿ, ಆಟೋ, ಹಬ್ಬದ ಖರೀದಿಗೆ ಬಂದ ಜನ. ಹತ್ತು ಮಾರಿಗೊಮ್ಮೆ ಬ್ರೇಕ್ ತುಳಿಯಲೇಬೇಕು. ಹಾಗಿರುವಾಗ ನನ್ನ ಹಳೆಯ ಕಾರಿನ ಮುಂದಿನ ಬ್ರೇಕ್ ಪ್ಯಾಡ್‌ಗಳು ಸವೆದುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ರಜೆಗೆ ಬಂದ ಮಗಳು ಮೊಮ್ಮಕ್ಕಳೊಡನೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಹದಿನಾಲ್ಕು ಕಡಿದಾದ ತಿರುವುಗಳ ಆ ಇಳಿಜಾರಿಗೆ ಸವೆದ ಪ್ಯಾಡ್ ನಂಬಿ ಹೊರಡುವಂತಿಲ್ಲ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿದೆ. ಭದ್ರಾವತಿಯಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದ ಕಾಲದಲ್ಲಿ ಆತ ಹಿಂದಿನ ಬೆಂಚಿನವನು. ಚಕ್ರ ಬಿಚ್ಚಿ, ಕ್ಯಾಲಿಪರನ್ನು ಪಕ್ಕಕ್ಕೆ ಸರಿಸಿ, ಅದರ ರಬ್ಬರ್ ಪೈಪಿಗೆ ಭಾರ ಬೀಳದಂತೆ ತಂತಿಯಿಂದ ಕಟ್ಟಿದ. "ನೋಡಿ ಸಾರ್, ಪಿಸ್ಟನ್ ಎಷ್ಟು ಹೊರಗೆ ಬಂದುಬಿಟ್ಟಿದೆ. ಹೊಸ ಪ್ಯಾಡ್ ದಪ್ಪ. ಇದನ್ನು ಒಳಗೆ ಕಳಿಸದಿದ್ದರೆ ಕೂರುವುದೇ ಇಲ್ಲ" ಎಂದ.

ಪಿಸ್ಟನ್ ಹೊರಗೆ ಬರಲು ಕಾರಣವಿದೆ. ಬ್ರೇಕ್ ಬಿಟ್ಟಾಗ ಅದನ್ನು ಹಿಂದಕ್ಕೆಳೆಯುವುದು ಸುತ್ತಲಿನ ರಬ್ಬರ್ ಸೀಲ್. ಅದೂ ಕೂದಲೆಳೆಯಷ್ಟು ಮಾತ್ರ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಮುಂದೆ ಸರಿದು ಅಲ್ಲಿಯೇ ನಿಲ್ಲುತ್ತದೆ. ಖಾಲಿಯಾದ ಜಾಗವನ್ನು ಬ್ರೇಕ್ ಆಯಿಲ್ ತುಂಬುತ್ತದೆ. ಆದ್ದರಿಂದ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ.

ತರಗತಿಯಲ್ಲಿ ನಾನು ಹೇಳುತ್ತಿದ್ದ ಪ್ಯಾಸ್ಕಲನ ನಿಯಮ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು: ಮುಚ್ಚಿದ ಪಾತ್ರೆಯ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಪೆಡಲಿನ ಬಳಿಯ ಸಿಲಿಂಡರಿನ ವ್ಯಾಸ 20 ಮಿ.ಮೀ., ಚಕ್ರದ ಪಿಸ್ಟನ್ನಿನದು 50 ಮಿ.ಮೀ. ಎಂದಿಟ್ಟುಕೊಳ್ಳಿ. ವಿಸ್ತೀರ್ಣ ಆರೂಕಾಲು ಪಟ್ಟು. ಬಲವೂ ಅಷ್ಟೇ ಪಟ್ಟು. ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವಾಗ ಇದೇ ಪಾಠ ತಿರುಗುಮುರುಗು. ಅದು 10 ಮಿ.ಮೀ. ಒಳಸರಿದರೆ ಸುಮಾರು 20 ಮಿಲಿಲೀಟರ್ ಆಯಿಲ್ ಡಬ್ಬಿಗೆ ಮರಳುತ್ತದೆ. ಎರಡು ಚಕ್ರಕ್ಕೆ 40. ನಡುವೆ ಯಾರಾದರೂ ಡಬ್ಬಿಯನ್ನು ತುಂಬಿಸಿದ್ದರೆ ಆಯಿಲ್ ಉಕ್ಕಿ ಚೆಲ್ಲಿ ಬಣ್ಣವನ್ನು ತಿನ್ನುತ್ತದೆ. ಅದಕ್ಕಾಗಿ ಆತ ಮೊದಲು ಮುಚ್ಚಳ ತೆಗೆದು ಮಟ್ಟ ನೋಡಿದ. ಅನಂತರ ಪಿಸ್ಟನ್ನಿನ ಮೇಲೆ ಹಳೆಯ ಪ್ಯಾಡ್ ಇಟ್ಟು, ಸಿ ಕ್ಲಾಂಪನ್ನು ನಿಧಾನವಾಗಿ ತಿರುಗಿಸಿದ. ಅವಸರದಿಂದ ಓರೆಯಾಗಿ ಒತ್ತಿದರೆ ಸೀಲ್ ಹಾಳು. ಕೈಬ್ರೇಕ್ ಸೇರಿರುವ ಕೆಲವು ಹಿಂದಿನ ಕ್ಯಾಲಿಪರುಗಳಲ್ಲಂತೂ ಪಿಸ್ಟನ್ನನ್ನು ತಿರುಪಿನಂತೆ ತಿರುಗಿಸಿಯೇ ಒಳಗೆ ಕಳಿಸಬೇಕಂತೆ.

ಚಕ್ರ ಕೂರಿಸಿದ ಮೇಲೆ ಸಹಾಯಕ ಹುಡುಗ ಕಾರನ್ನು ಹೊರಕ್ಕೆ ತೆಗೆಯಲು ಕೀಲಿ ಹಾಕಿದ. "ಏಯ್, ಮೊದಲು ಪೆಡಲ್ ತುಳಿಯೋ!" ಎಂದು ಆತ ಗದರಿದ. ಹುಡುಗ ತುಳಿದ, ಪೆಡಲ್ ಸೀದಾ ತಳ ಮುಟ್ಟಿತು. ಎರಡನೆಯ ಸಲವೂ ಮೆತ್ತಗೆ. ಮೂರು ನಾಲ್ಕು ಸಲ ತುಳಿದ ಬಳಿಕವೇ ಗಟ್ಟಿಯಾಯಿತು. ಒಳಗೆ ಕಳಿಸಿದ ಪಿಸ್ಟನ್ ಮತ್ತೆ ಪ್ಯಾಡನ್ನು ತಲುಪುವವರೆಗೆ ಬ್ರೇಕ್ ಇದ್ದೂ ಇಲ್ಲದಂತೆ. ಹೊರಗೆ ರಸ್ತೆಯಲ್ಲಿ ಲಾರಿಗಳು ಸಾಲಾಗಿ ಓಡುತ್ತಿದ್ದವು. ಹುಡುಗನ ಮುಖ ಬಿಳುಚಿತು. ನನ್ನ ಎದೆಯೂ ಒಮ್ಮೆ ಝಲ್ಲೆಂದಿತು.

"ಇದನ್ನು ಯಾರು ಕಲಿಸಿದರಪ್ಪಾ?" ಎಂದು ಕೇಳಿದೆ. "ನಿಯಮ ನೀವು ಹೇಳಿದ್ದು ಸಾರ್, ಭಯ ನನ್ನ ಉಸ್ತಾದರು ಹೇಳಿಕೊಟ್ಟಿದ್ದು" ಎಂದು ನಕ್ಕ.

ಆ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಶಾಲೆಯಲ್ಲಿ ನಾವು ನಿಯಮವನ್ನು ಅಂಕಕ್ಕಾಗಿ ಕಲಿಸುತ್ತೇವೆ. ಅದರ ಮೇಲೆ ಯಾರದೋ ಪ್ರಾಣ ನಿಂತಿದೆ ಎಂಬ ಎಚ್ಚರವನ್ನು ಗ್ಯಾರೇಜು ಕಲಿಸುತ್ತದೆ. ಎರಡೂ ಕೂಡಿದಲ್ಲಿ ಮಾತ್ರ ವಿದ್ಯೆ ಪೂರ್ಣವಾಗುತ್ತದೆ.

ಊರೂರುಗಳಲ್ಲಿ ಕಾರು ಓಡಿಸುತ್ತಿರುವ ನನ್ನ ಶಿಷ್ಯರಿಗೂ ಬಂಧುಗಳಿಗೂ ಒಂದೇ ಕೋರಿಕೆ. ಹೊಸ ಪ್ಯಾಡ್ ಹಾಕಿಸಿದ ದಿನ, ಯಾರೇ ಹಾಕಿರಲಿ, ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿದು ನೋಡಿ. ಅರ್ಧ ನಿಮಿಷದ ಕೆಲಸವಷ್ಟೇ.