ಎರಡು ಜೀವದ ಒಪ್ಪತ್ತು

ದೇಹವು ದೇವರು ನಮ್ಮ ಕೈಗೆ ಒಪ್ಪಿಸಿದ ಒಡವೆಯೆಂದೂ, ಅದನ್ನು ಕಾಯ್ದುಕೊಳ್ಳುವುದು ಧರ್ಮವೆಂದೂ ಹೇಳುವವರು ಬಹಳ. ಆದರೆ ಮನೆಯಲ್ಲಿ ಯಾರ ಎಲೆಗೆ ಯಾವ ಹೊತ್ತಿಗೆ ಅನ್ನ ಬೀಳುತ್ತದೆಂಬುದನ್ನು ವಿಚಾರಿಸುವವರು ಕಡಿಮೆ. ಭಕ್ತಿ, ಸಂಸಾರ, ಆರೋಗ್ಯ ಈ ಮೂರೂ ಕಡೆಗೆ ಬಂದು ಕೂಡುವುದು ಅಡಿಗೆಯ ಮನೆಯಲ್ಲಿಯೇ. ಆದಕಾರಣ ಉಪವಾಸದ ವಿಷಯವಾಗಿ ನಮ್ಮ ಅನುಭವಕ್ಕೆ ಬಂದ ನಾಲ್ಕು ಮಾತುಗಳನ್ನು ವಾಚಕರ ಮುಂದೆ ಇಡುತ್ತೇವೆ.

ನಮ್ಮ ತವರು ಔರಾದು. ಅತ್ತೆಯವರ ತವರು ಭಾಲ್ಕಿ. ನಾವು ಸಂಸಾರ ಹೂಡಿರುವುದು ಬೀದರ ಪಟ್ಟಣದಲ್ಲಿ. ಈ ಸೀಮೆಯ ಕ್ರೈಸ್ತರಲ್ಲಿ ಮೆಥೊಡಿಸ್ಟ್ ಸಭೆಯವರೇ ಹೆಚ್ಚು. ಕಥೋಲಿಕರಾದ ನಮ್ಮದು ಚಿಕ್ಕ ಹಿಂಡು. ಗುಲಬರ್ಗಾ ಧರ್ಮಪ್ರಾಂತವು ಸ್ಥಾಪಿತವಾದದ್ದೇ 2005ರಲ್ಲಿ. ಚಿಕ್ಕ ಹಿಂಡಿನವರಿಗೆ ತಮ್ಮ ಆಚಾರಗಳ ಮೇಲೆ ಮಮತೆ ಅಧಿಕವಾಗಿರುವುದು ಸಹಜವಷ್ಟೆ. ನಮ್ಮ ಅತ್ತೆಯವರು ತಪಸ್ಸುಕಾಲದ ನಾಲ್ವತ್ತು ದಿನವೂ ಒಪ್ಪತ್ತು ಇದ್ದು, ಮಾಂಸ ಮೊಟ್ಟೆಗಳನ್ನು ಮುಟ್ಟದೆ, ಸಂಜೆ ಜಪಸರ ಮುಗಿಸಿದ ಮೇಲೆಯೇ ಊಟಕ್ಕೆ ಕೂಡುವವರು.

2025ನೆಯ ಇಸವಿಯಲ್ಲಿ ಒಂದು ವಿಶೇಷ ಒದಗಿತು. ಮಾರ್ಚ್ 2ರಂದು ರಮಜಾನಿನ ಉಪವಾಸಗಳು ಮೊದಲಾದವು. 5ರಂದು ನಮ್ಮ ವಿಭೂತಿ ಬುಧವಾರ ಬಂದಿತು. ಒಂದೇ ಓಣಿಯಲ್ಲಿ ಎರಡು ಧರ್ಮದವರ ವ್ರತಗಳು ಜೊತೆಜೊತೆಯಾಗಿ ನಡೆದವು. ನಮಗೆ ಆಗ ಐದು ತಿಂಗಳು. ಆರೋಗ್ಯ ಕೇಂದ್ರದ ದಾದಿಯು ರಕ್ತವನ್ನು ಪರೀಕ್ಷಿಸಿ, ಹಿಮೋಗ್ಲೋಬಿನ್ 9.2 ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಬಸುರಿಯರಲ್ಲಿ ಅದು ಡೆಸಿಲೀಟರಿಗೆ 11 ಗ್ರಾಮಿಗಿಂತ ಇಳಿದರೆ ರಕ್ತಹೀನತೆಯೆಂದು ವೈದ್ಯರು ಎಣಿಸುತ್ತಾರೆ.

"ನಾಕು ಮಕ್ಕಳು ಹೊಟ್ಟ್ಯಾಗ ಇದ್ದಾಗೂ ನಾ ಒಪ್ಪತ್ತು ಬಿಟ್ಟಿಲ್ಲವ್ವಾ" ಎಂದರು ಅತ್ತೆಯವರು. ಆ ಮಾತಿನಲ್ಲಿ ಕಠೋರತೆಯಿರಲಿಲ್ಲ. ದೇವರಿಗೆ ಕೊಟ್ಟ ಮಾತನ್ನು ನಡೆಸಿದ ಹೆಮ್ಮೆಯಿತ್ತು. ಆದರೆ ನಮ್ಮ ಕಣ್ಣ ಮುಂದೆ ಔರಾದಿನ ಚಿಕ್ಕಮ್ಮನು ಬಂದು ನಿಂತಳು. ನಾವು ಸಣ್ಣವರಿದ್ದಾಗ ಅವಳು ಮನೆಯಲ್ಲಿಯೇ ಹೆತ್ತು, ರಕ್ತ ನಿಲ್ಲದೆ, ಬೀದರ ಮುಟ್ಟುವ ಮೊದಲೇ ದಾರಿಯಲ್ಲಿ ಕಣ್ಣು ಮುಚ್ಚಿದ್ದಳು. ಮೊದಲೇ ರಕ್ತ ಕಡಿಮೆಯಿದ್ದವಳಿಗೆ ಹೆರಿಗೆಯಲ್ಲಿ ಹೋಗುವ ರಕ್ತವನ್ನು ತಾಳುವ ಶಕ್ತಿ ಎಲ್ಲಿಂದ ಬರಬೇಕು? ಹಿರಿಯರ ಮನಸ್ಸನ್ನು ನೋಯಿಸಬಾರದು, ಒಡಲಲ್ಲಿರುವ ಕೂಸನ್ನೂ ಹಸಿಸಬಾರದು. ಇವೆರಡರ ನಡುವೆ ನಮಗೆ ಎರಡು ರಾತ್ರಿ ನಿದ್ರೆ ಬರಲಿಲ್ಲ.

ದಾರಿ ತೋರಿಸಿದವರು ನೆರೆಮನೆಯ ಖಾಲಾ ಅವರು. ಅವರ ಸೊಸೆಗೆ ಮೊಲೆಗೂಸು. "ಈಗ ಬಿಟ್ಟ ರೋಜಾ ಲೆಕ್ಕ ಇಟ್ಟು ಮುಂದ ಹಿಡೀತಾಳ; ಕೂಸಿನ ಹಾಲು ಬತ್ತಬಾರದು" ಎಂದು ಅವರು ಸಹಜವಾಗಿ ಹೇಳಿದ್ದನ್ನು ಅತ್ತೆಯವರು ಕೇಳಿಸಿಕೊಂಡರು. ಮುಂದಿನ ಭಾನುವಾರ ಬಲಿಪೂಜೆಯಾದ ಮೇಲೆ ತಾವೇ ಗುರುಗಳನ್ನು, "ನಮ್ಮ ಧರ್ಮದಾಗೂ ಹಿಂಗ ಅದ ಏನ್ರಿ, ಸ್ವಾಮಿ?" ಎಂದು ಕೇಳಿದರು.

ಗುರುಗಳು ಸಾವಧಾನವಾಗಿ ತಿಳಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಕಡ್ಡಾಯವಾದ ಉಪವಾಸವು ವಿಭೂತಿ ಬುಧವಾರ, ಶುಭ ಶುಕ್ರವಾರ ಈ ಎರಡೇ ದಿನ. ಅದೂ 18 ವರ್ಷ ತುಂಬಿದವರಿಗೆ, 59 ತುಂಬುವವರೆಗೆ. ಶುಕ್ರವಾರದ ವ್ರತವು ಮಾಂಸಕ್ಕೆ ಸಂಬಂಧಿಸಿದ್ದು, ಮೊಟ್ಟೆ ಹಾಲುಗಳಿಗಲ್ಲ. ರೋಗಿಗಳು, ಬಸುರಿಯರು, ಬಾಣಂತಿಯರು ಉಪವಾಸದ ಕಟ್ಟಿಗೆ ಒಳಪಟ್ಟವರಲ್ಲವೆಂಬುದು ಬಹುಕಾಲದ ಬೋಧೆ. ನಾಲ್ವತ್ತು ದಿನದ ಒಪ್ಪತ್ತು ಭಕ್ತರು ತಾವಾಗಿ ಕೈಕೊಂಡ ರೂಢಿಯೇ ಹೊರತು ವಿಧಿಯಲ್ಲ. ಕೊನೆಗೆ ಅವರು ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯವನ್ನು ನೆನಪಿಗೆ ತಂದರು. ಹಸಿದವರೊಡನೆ ಅನ್ನವನ್ನು ಹಂಚಿಕೊಳ್ಳುವುದೇ ದೇವರಿಗೆ ಪ್ರಿಯವಾದ ಉಪವಾಸವೆಂಬುದು ಅದರ ತಾತ್ಪರ್ಯ.

ದಾರಿಯುದ್ದಕ್ಕೂ ಅತ್ತೆಯವರು ಮಾತಾಡಲಿಲ್ಲ. ಮನೆಯ ಹೊಸ್ತಿಲು ದಾಟುವಾಗ, "ಹಸದಾಕಿ ನಮ್ಮ ಮನ್ಯಾಗೇ ಇದ್ದಾಳಲ್ಲ" ಎಂದರು. ಅಂದು ಮಧ್ಯಾಹ್ನ ಮೊದಲನೆಯ ತಾಟು ನಮ್ಮ ಮುಂದೆ ಬಂದಿತು.

ವಾಚಕರು ಈ ಸಂಗತಿಯನ್ನು ಸಣ್ಣದೆಂದು ತಿಳಿಯಬಾರದು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಹಿರಿಯರು, ಎಲ್ಲರ ಕಡೆಗೆ ಸೊಸೆ ಉಣ್ಣುವುದು ವಾಡಿಕೆ. ಅಷ್ಟರಲ್ಲಿ ಪಲ್ಯದ ಬೋಗುಣಿ ಬರಿದಾಗಿ, ಅವಳ ಪಾಲಿಗೆ ತಣ್ಣನೆಯ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಲೋಟ ಚಹಾ ಉಳಿಯುತ್ತವೆ. ತಪಸ್ಸುಕಾಲಕ್ಕೆ ನಾಲ್ವತ್ತು ದಿನದ ಮೇರೆಯುಂಟು. ಸೊಸೆಯ ಒಪ್ಪತ್ತಿಗೆ ಮೇರೆಯೇ ಇಲ್ಲ. ರಕ್ತಹೀನತೆಗೆ ಜಂತುಗಳು ಮೊದಲಾದ ಬೇರೆ ಕಾರಣಗಳೂ ಇವೆಯಾದರೂ, ಕಡೆಯ ಪಂಕ್ತಿಯ ಊಟವೂ ಅದಕ್ಕೆ ಕಾರಣವಲ್ಲವೇ?

ಪರಿಹಾರವು ದುಬಾರಿಯದಲ್ಲ. ಬಸುರಿಯರಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಗುಳಿಗೆಗಳನ್ನು ಸರಕಾರದವರು ಪುಕ್ಕಟೆಯಾಗಿ ಕೊಡುತ್ತಾರೆ. ಗುಳಿಗೆಯ ಹಿಂದೆಯೇ ಚಹಾ ಕುಡಿದರೆ ಕಬ್ಬಿಣವು ಮೈಗೆ ಹತ್ತುವುದಿಲ್ಲ. ನಿಂಬೆಯ ಹುಳಿ ಸೇರಿದರೆ ಚೆನ್ನಾಗಿ ಹತ್ತುತ್ತದೆ. ಅಂಗನವಾಡಿಗಳಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯು 2017ರ ಅಕ್ಟೋಬರ್ 2ರಂದು ಆರಂಭವಾಯಿತು. ನಮ್ಮ ಮನೆಯಲ್ಲಿ ತೊಗರಿಬೇಳೆ, ಮೆಂತ್ಯದ ಪಲ್ಯ, ಒಂದು ಮೊಟ್ಟೆ, ನಿಂಬೆಹೋಳು ಇವು ನಿತ್ಯದ ನೇಮವಾದವು. ಅತ್ತೆಯವರು ತಮ್ಮ ಒಪ್ಪತ್ತನ್ನು ಬಿಡಲಿಲ್ಲ. ಆದರೆ ನಮ್ಮ ಗುಳಿಗೆಯ ಹೊತ್ತನ್ನು ಜಪದ ಹೊತ್ತಿನಂತೆಯೇ ಕಾಯ್ದರು. ಜೂನ್ ತಿಂಗಳಿನಲ್ಲಿ ಚೀಟಿಯ ಮೇಲೆ 10.8 ಎಂದು ಬಿತ್ತು. ಜುಲೈ ಕೊನೆಗೆ ಆಸ್ಪತ್ರೆಯಲ್ಲಿ ಸುಖವಾಗಿ ಹೆಣ್ಣುಮಗು ಹುಟ್ಟಿತು.

ಶ್ರಾವಣವಾಗಲಿ, ರಮಜಾನವಾಗಲಿ, ತಪಸ್ಸುಕಾಲವಾಗಲಿ, ವ್ರತ ಹಿಡಿಯುವ ಮನೆಗಳಿಗೆ ನಮ್ಮ ಬಿನ್ನಹ ಇಷ್ಟೇ. ಏನನ್ನು ಬಿಡಬೇಕೆಂದು ಎಣಿಸುವ ಮುಂಚೆ, ಯಾರು ಕಡೆಗೆ ಉಣ್ಣುತ್ತಾರೆಂಬುದನ್ನು ಒಮ್ಮೆ ನೋಡಿರಿ. ಅವಳನ್ನು ಕರೆದು ಪಂಕ್ತಿಯಲ್ಲಿ ಕೂಡಿಸಿಕೊಂಡರೆ, ಆ ದಿನದ ವ್ರತವು ಅಲ್ಲಿಂದಲೇ ಆರಂಭವಾಗುವುದು.