ಹದಿನೈದು ನಿಮಿಷದ ಸರದಿ

ಮೈಸೂರಲ್ಲಿ ಪತ್ರಿಕೋದ್ಯಮ ಓದುವಾಗ ನಮ್ಮ ವಿಭಾಗಕ್ಕೆಲ್ಲ ಇದ್ದದ್ದು ಒಂದೇ ಡಯಲ್‌ಅಪ್ ಸಂಪರ್ಕ, ಅದೂ ಆಫೀಸಿನ ಫೋನ್ ಲೈನಿನಲ್ಲೇ. ಸಂಜೆ ನಾಲ್ಕರಿಂದ ಐದೂವರೆ, ತಲೆಗೆ 15 ನಿಮಿಷ. ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಕಾಯಬೇಕು.

ಹಾಗಾಗಿ ಎಲ್ಲ ಮೊದಲೇ ಸಿದ್ಧ ಮಾಡಿಕೊಳ್ಳುತ್ತಿದ್ದೆವು. ಲೇಖನ ನುಡಿಯಲ್ಲಿ ಟೈಪಿಸಿ ಫ್ಲಾಪಿಗೆ ಹಾಕೋದು, ನೋಡಬೇಕಾದ ವಿಳಾಸಗಳನ್ನು ಚೀಟಿಯಲ್ಲಿ ಬರೆದುಕೊಳ್ಳೋದು, ಬ್ರೌಸರಿನಲ್ಲಿ ಚಿತ್ರಗಳನ್ನು ಆಫ್ ಮಾಡೋದು. ಪುಟ ತೆರೆದರೆ ಸೇವ್. ಓದೋದು ಲೈನ್ ಬಿಟ್ಟ ಮೇಲೆ. ಕನ್ನಡದ ಪುಟವಾದರೆ ಅದರ ಫಾಂಟ್ ಬೇರೆ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಬರೀ ಗೀಚು.

ಒಮ್ಮೆ ಬಿಳಿಕೆರೆ ಕಡೆಯ ತಂಬಾಕು ಬ್ಯಾರನ್‌ಗಳಿಗೆ ಸುರಿಯುವ ಸೌದೆ ಬಗ್ಗೆ ಬರೆದಿದ್ದೆ. ಫೋಟೋ 600 ಕೆಬಿ. ಮೋಡೆಮ್ ಹೆಸರಿಗೆ 56ಕೆ, ಆದರೆ ಕಳಿಸುವಾಗ 33.6 ಕಿಲೋಬಿಟ್ ದಾಟದು. ಲೈನ್ ಚೆನ್ನಾಗಿದ್ದರೂ ಎರಡೂವರೆ ನಿಮಿಷ. ಮೊದಲ ಸಲ ಪಕ್ಕದ ರೂಮಲ್ಲಿ ಯಾರೋ ರಿಸೀವರ್ ಎತ್ತಿದರು, ಕಟ್. ಎರಡನೇ ಸಲ ಅರ್ಧಕ್ಕೇ ನಿಂತಿತು. ಮೂರನೇ ಸಲ ಹೋಯಿತು.

ಗಡಿಯಾರ ನೋಡಿದರೆ ಐದೂ ಇಪ್ಪತ್ತೈದು. ನನ್ನ ಸರದಿ ಮುಗಿದು ಹತ್ತು ನಿಮಿಷವಾಗಿತ್ತು. ಹಿಂದೆ ಪಿರಿಯಾಪಟ್ಟಣದ ಜೂನಿಯರ್ ಹುಡುಗಿ ನಿಂತಿದ್ದಳು, ಕೈಯಲ್ಲಿ ಫ್ಲಾಪಿ. ಕೆಲಸದ ಅರ್ಜಿಗೆ ಅವತ್ತೇ ಕೊನೆ ದಿನ. ಅವಳು ಕೂತು ಡಯಲ್ ಮಾಡಿದಳು. ಮೇಲ್ ಪುಟ ತೆರೆಯುವ ಹೊತ್ತಿಗೆ ಅಟೆಂಡರ್ ಬೀಗ ಹಿಡಿದು ಬಂದರು.

‘ಹೋಗ್ಲಿ ಬಿಡಣ್ಣ, ನಿಂದೂ ಹೋಗ್ಬೇಕಿತ್ತಲ್ಲ’ ಅಂದಳು. ಬೈದಿದ್ದರೆ ವಾಸಿಯಿತ್ತು. ಸೈಬರ್ ಕೆಫೆಗೆ ಕರೆದುಕೊಂಡು ಹೋದೆ, ಅಲ್ಲಿ ಕರೆಂಟಿರಲಿಲ್ಲ. ಅರ್ಧ ಗಂಟೆ ಕಾದೆವು. ಅವಳಿಗೆ ಬಸ್ಸಿನ ಹೊತ್ತಾಯಿತು.

ನನ್ನ ಲೇಖನ ಮುಂದಿನ ವಾರ ಬಂತು. ಫೋಟೋ ಹಾಕಿರಲಿಲ್ಲ.